ಕಲ್ಲಿನ ಹಾಲ್‌ನಲ್ಲಿ ಇಪ್ಪತ್ತೆರಡು ದನಿ

ಪ್ರಶ್ನೆ: ನಾನು ವಿಜಯಪುರದ ನಿವೃತ್ತ ಶಿಕ್ಷಕಿ. ನಮ್ಮದು 22 ಜನರ ಹಾಡುವ ಗುಂಪು. ಹನ್ನೆರಡು ಮಂದಿ ನಮ್ಮ ಓಣಿಯ ಭಜನಾ ಮಂಡಳಿಯ ಹೆಣ್ಣುಮಕ್ಕಳು, ಉಳಿದವರು ಚರ್ಚಿನ ಗಾಯನವೃಂದದಲ್ಲಿ (ಕ್ವಾಯರ್) ಹಾಡುವ ಹುಡುಗ ಹುಡುಗಿಯರು. ಮೇ 18ರ ವಸ್ತುಸಂಗ್ರಹಾಲಯ ದಿನಕ್ಕೆ ಹಳೆಯ ಕಲ್ಲುಕಟ್ಟಡದಲ್ಲಿರುವ ಒಂದು ಕಲಾ ಸಂಗ್ರಹಾಲಯದವರು ಹಾಡಲು ಕರೆದಿದ್ದಾರೆ. ಹಾಲ್ 65 ಅಡಿ ಉದ್ದ, 26 ಅಡಿ ಅಗಲ, 16 ಅಡಿ ಎತ್ತರ ಇದೆ. ಗೋಡೆಯ ಮೇಲೆ ಚಿತ್ರಗಳು, ನಡುವೆ ಶಿಲ್ಪಗಳು, ಗಾಜಿನ ಪೆಟ್ಟಿಗೆಗಳು. ಕಳೆದ ವಾರ ಹೋಗಿ ಹಾಡಿ ನೋಡಿದೆವು. ಒಂದು ಚಪ್ಪಾಳೆ ತಟ್ಟಿದರೆ ಐದು ಎಣಿಸುವವರೆಗೂ ಸದ್ದು ಅಡಗುವುದಿಲ್ಲ. ಹಾಡಿನ ಮಾತೆಲ್ಲ ಕಲಸಿಹೋಗುತ್ತದೆ. ಮೈಕ್ ತರಿಸಬೇಕೇ? ಎಲ್ಲಿ ನಿಲ್ಲಬೇಕು, ಎಂಥ ಹಾಡು ಆರಿಸಬೇಕು? ಹುಡುಗರು ನಾಲ್ಕು ದನಿಯಲ್ಲಿ ಹಾಡೋಣ ಅನ್ನುತ್ತಾರೆ, ಹೆಣ್ಣುಮಕ್ಕಳು ಒಂದೇ ದನಿ ಸಾಕು ಅನ್ನುತ್ತಾರೆ. ನಮ್ಮಿಂದ ಅಲ್ಲಿನ ವಸ್ತುಗಳಿಗೆ ಏನಾದರೂ ತೊಂದರೆಯಾದೀತೇ ಎಂಬ ಅಂಜಿಕೆಯೂ ಇದೆ.

ಉತ್ತರ: ಅಕ್ಕೋರೇ, ಮೈಕ್ ಬೇಡ. ಇದನ್ನು ನಾನು ತಪ್ಪು ಮಾಡಿ ಕಲಿತಿದ್ದೇನೆ. ವರ್ಷಗಳ ಹಿಂದೆ ಬೆಳಗಾವಿ ಕಡೆಯ ಒಂದು ಸಂಗ್ರಹಾಲಯದಲ್ಲಿ ನಮ್ಮ ತಂಡವನ್ನು ಹಾಡಿಸಿದೆ. ಹಾಲ್ ದೊಡ್ಡದು, ಹಿಂದಿನವರಿಗೆ ಕೇಳಲಿ ಎಂದು ನಾನೇ ಎರಡು ದೊಡ್ಡ ಸ್ಪೀಕರ್ ಇಡಿಸಿದ್ದೆ. ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ಕೈಹಿಡಿದು, "ದನಿ ಭಾಳ ಛಂದ ಇತ್ತರೀ, ಆದ್ರ ಹಾಡು ಯಾವ್ದಂತ ತಿಳೀಲಿಲ್ಲ" ಅಂದರು. ಆ ಹಾಡಿನ ಮಾತಿಗಾಗಿಯೇ ನಾವು ಎರಡು ತಿಂಗಳು ಬೆವರು ಸುರಿಸಿದ್ದೆವು. ಸದ್ದು ಕಡಿಮೆಯಾಗಿ ಮಾತು ಕೆಡುವ ಜಾಗ ಬೇರೆ, ಸದ್ದು ಹೆಚ್ಚಾಗಿ ಮಾತು ಕೆಡುವ ಜಾಗ ಬೇರೆ. ನಿಮ್ಮದು ಎರಡನೆಯದು. ಅಲ್ಲಿ ಸ್ಪೀಕರ್ ಇಟ್ಟರೆ, ಗೋಡೆಗಳು ಆಗಲೇ ಜೀರ್ಣಿಸಿಕೊಳ್ಳಲಾಗದೆ ತಿರುಗಿ ಕಳಿಸುತ್ತಿರುವ ಸದ್ದಿಗೆ ಇನ್ನಷ್ಟು ಸದ್ದು ಸುರಿದಂತೆ.

ಆದರೆ ಮೊದಲು ನಿಮ್ಮ ಹೆದರಿಕೆ ತುಸು ಇಳಿಸಬೇಕು. ನೀವು ಹಾಡಿ ನೋಡಿದ್ದು ಖಾಲಿ ಹಾಲ್‌ನಲ್ಲಿ. ಅಂದು ಕೇಳಿದ ಹಾಲ್ ಮತ್ತು ಕಾರ್ಯಕ್ರಮದ ದಿನ ನಿಮಗೆ ಸಿಗುವ ಹಾಲ್ ಒಂದೇ ಅಲ್ಲ.

ಕೋಣೆಯೊಳಗಿನ ಸದ್ದನ್ನು ಲೆಕ್ಕಕ್ಕೆ ತಂದ ವಿಜ್ಞಾನ ಹುಟ್ಟಿದ್ದೇ ಒಂದು ಕಲಾ ಸಂಗ್ರಹಾಲಯದಲ್ಲಿ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯ ಹೊಸದಾಗಿ ತೆರೆದಿತ್ತು. ಅದರ ಉಪನ್ಯಾಸದ ಹಾಲ್‌ನಲ್ಲಿ ಪ್ರಾಧ್ಯಾಪಕರು ಆಡಿದ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಪದ ಹೊರಟರೆ ಸುಮಾರು ಐದೂವರೆ ಸೆಕೆಂಡು ಕಿವಿಗೆ ಬೀಳುತ್ತಲೇ ಇರುತ್ತಿತ್ತು, ಅಷ್ಟರಲ್ಲಿ ಇನ್ನೊಂದು ವಾಕ್ಯವೇ ಮುಗಿದಿರುತ್ತಿತ್ತು. ಇದನ್ನು ಸರಿಪಡಿಸುವ ಕೆಲಸ ವಾಲೇಸ್ ಸೇಬಿನ್ ಎಂಬ ತರುಣ ಭೌತವಿಜ್ಞಾನಿಗೆ ಬಂತು. ಆತ ರಾತ್ರಿ ಊರು ಮಲಗಿದ ಮೇಲೆ ಪಕ್ಕದ ರಂಗಮಂದಿರದಿಂದ ಕುರ್ಚಿಯ ದಿಂಬುಗಳನ್ನು ಹೊರಿಸಿಕೊಂಡು ಬಂದು ಹಾಲ್‌ನಲ್ಲಿ ಹರಡಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಹೊತ್ತನ್ನು ಗಡಿಯಾರ ಹಿಡಿದು ಅಳೆಯುತ್ತಿದ್ದ. ಬೆಳಗಾಗುವುದರೊಳಗೆ ದಿಂಬುಗಳನ್ನು ಮರಳಿ ಒಯ್ಯಬೇಕಿತ್ತು. ದಿಂಬು ಹೆಚ್ಚಿದಂತೆ ಹೊತ್ತು ಇಳಿಯಿತು, ಕೊನೆಗೆ ಒಂದು ಸೆಕೆಂಡಿನ ಆಸುಪಾಸಿಗೆ ಬಂತು. ಅದರಿಂದ ಆತ ಕಂಡುಕೊಂಡ ಸೂತ್ರವನ್ನು ಇಂದಿಗೂ ಬಳಸುತ್ತಾರೆ: ಘನ ಮೀಟರಿನಲ್ಲಿ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಸದ್ದನ್ನು ಹೀರುವ ಮೈಯ ಚದರ ಮೀಟರಿನ ಒಟ್ಟು ಅಳತೆಯಿಂದ ಭಾಗಿಸಿದರೆ, ಸದ್ದು ಅಡಗುವ ಹೊತ್ತು ಸೆಕೆಂಡಿನಲ್ಲಿ ಸಿಗುತ್ತದೆ.

ನಿಮ್ಮ ಹಾಲ್‌ಗೇ ಇದನ್ನು ಹಚ್ಚಿ ನೋಡೋಣ. ನೀವು ಕೊಟ್ಟ ಅಳತೆಯಲ್ಲಿ ಗಾತ್ರ ಸುಮಾರು 770 ಘನ ಮೀಟರ್. ಗೋಡೆ, ನೆಲ, ಮಾಳಿಗೆ ಎಲ್ಲ ಸೇರಿ 580 ಚದರ ಮೀಟರಿಗೆ ತುಸು ಮೇಲೆ. ಕಲ್ಲು, ಗಾರೆ, ಗಾಜು ತಮಗೆ ತಾಗಿದ ಸದ್ದಿನಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ ಹೀರುತ್ತವೆ. ನಾಲ್ಕು ಪಾಲು ಎಂದು ಹಿಡಿದರೆ ಹೀರುವ ಮೈ ಸುಮಾರು 23 ಚದರ ಮೀಟರ್, ಹೊತ್ತು ಐದು ಸೆಕೆಂಡಿಗೆ ತುಸು ಹೆಚ್ಚು. ನೀವು ಬೆರಳೆಣಿಸಿ ಕಂಡದ್ದೂ ಅದೇ. ಈಗ ಹಾಡುವ 22 ಜನ, ಕೇಳುವ 80 ಜನ ಒಳಗೆ ಬಂದರು ಅನ್ನಿ. ಬಟ್ಟೆ ತೊಟ್ಟು ನಿಂತ ಒಬ್ಬೊಬ್ಬ ಮನುಷ್ಯನೂ ಹತ್ತಿರ ಹತ್ತಿರ ಅರ್ಧ ಚದರ ಮೀಟರಿನ ತೆರೆದ ಕಿಟಕಿಯಷ್ಟು ಸದ್ದು ನುಂಗುತ್ತಾನೆ. ಐದು ಸೆಕೆಂಡು ಇದ್ದದ್ದು ಎರಡರೊಳಗೆ ಬರುತ್ತದೆ. ಎರಡು ಸೆಕೆಂಡಿನ ಕೋಣೆ ಒಂದು ಹಾಡುವ ಗುಂಪಿಗೆ ಸಿಗಬಹುದಾದ ಒಳ್ಳೆಯ ಕೋಣೆಗಳಲ್ಲಿ ಒಂದು. ಅಲ್ಲಿ ದನಿಗೆ ದುಂಡುತನ ಬರುತ್ತದೆ, ಒಬ್ಬರ ಉಸಿರು ಮುರಿದರೂ ಸಾಲು ಮುರಿಯುವುದಿಲ್ಲ. ಹಾಗಾಗಿ ಮುಂದಿನ ಅಭ್ಯಾಸಕ್ಕೆ ಹೋಗುವಾಗ ಮನೆಮಂದಿಯನ್ನು, ಓಣಿಯ ಮಕ್ಕಳನ್ನು ಕರೆದೊಯ್ಯಿರಿ. ನಲವತ್ತು ಜನ ಸುಮ್ಮನೆ ನಿಂತರೂ ನಿಮಗೆ ವ್ಯತ್ಯಾಸ ತಿಳಿಯುತ್ತದೆ.

ಜನ ಕಡಿಮೆ ಬಂದರೇನು ಎಂಬ ಚಿಂತೆಗೆ ನಮ್ಮ ಕಡೆಯ ಕೌದಿ ಇದೆ. ಹಳೆ ಸೀರೆ, ಧೋತರಗಳನ್ನು ಪದರು ಪದರಾಗಿ ಹೊಲಿದ ಕೌದಿ ಸದ್ದು ಹೀರುವುದರಲ್ಲಿ ಬಲು ಜಾಣ. ಗೋಡೆಗೆ ಅಂಟಿಸಿದಂತೆ ತೂಗಬೇಡಿ. ಅರ್ಧ ಅಡಿ ಬಿಟ್ಟು, ಬಿದಿರಿನ ಗಳಕ್ಕೆ ಮಡಿಕೆ ಬೀಳುವಂತೆ ತೂಗಿ. ಹಿಂದೆ ಗಾಳಿಯ ಪದರ ಇದ್ದಾಗ ಕೆಳದನಿಯೂ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಎದುರಿನ, ಚಿತ್ರಗಳಿಲ್ಲದ ಗೋಡೆಯ ಮುಂದೆ ಆರೆಂಟು ಕೌದಿ ನಿಲ್ಲಿಸಿದರೆ ಸಾಕು. ಕಂಬಳಿಯೂ ಆಗುತ್ತದೆ. ಆದರೆ ಉಣ್ಣೆಯಲ್ಲಿ ನುಸಿ, ಹುಳು ಬಂದಾವು ಎಂದು ಸಂಗ್ರಹಾಲಯದವರು ಒಪ್ಪಲಿಕ್ಕಿಲ್ಲ, ಅವರು ಹೇಳುವುದು ನ್ಯಾಯವೇ. ಕೌದಿಯನ್ನೂ ಒಗೆದು, ಎರಡು ಮೂರು ದಿನ ಮೇ ತಿಂಗಳ ಬಿಸಿಲಿಗೆ ಹಾಕಿ, ಅವರಿಗೆ ತೋರಿಸಿಯೇ ಒಳಗೆ ಒಯ್ಯಿರಿ.

ವಿಜಯಪುರದವರಿಗೆ ಇಲ್ಲಿ ಒಂದು ಗೊಂದಲ ಸಹಜ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೇಳುವುದನ್ನೇ ನಿಮ್ಮ ಹಾಲ್‌ನಲ್ಲೂ ಕೇಳುತ್ತಿದ್ದೇವೆ ಎಂದು ಬಹಳ ಮಂದಿ ತಿಳಿಯುತ್ತಾರೆ. ಅಲ್ಲಿ ಗುಮ್ಮಟದ ಒಳ ಅಡ್ಡಳತೆಯೇ ಸುಮಾರು 38 ಮೀಟರ್. ಸದ್ದು ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಮೂಲದ ಸದ್ದು ಮುಗಿದಿರುತ್ತದೆ, ಹೀಗಾಗಿ ಒಂದೊಂದು ಮರುದನಿಯೂ ಬೇರೆ ಬೇರೆಯಾಗಿ ಎಣಿಸಲು ಸಿಗುತ್ತದೆ. ಅದು ಪ್ರತಿಧ್ವನಿ. ನಿಮ್ಮ ಹಾಲ್‌ನಲ್ಲಿ ಗೋಡೆಗಳು ಹತ್ತಿರ ಇರುವುದರಿಂದ ಸಾವಿರಾರು ಮರುದನಿಗಳು ಒಂದರ ಮೈಮೇಲೊಂದು ಬಿದ್ದು ಹೊಗೆಯಂತೆ ತುಂಬಿಕೊಳ್ಳುತ್ತವೆ. ಅದು ಅನುರಣನ. ಪ್ರತಿಧ್ವನಿಯನ್ನು ಹಾಡುವವರು ಪಳಗಿಸಲಾರರು. ಅನುರಣನವನ್ನು ಹಾಡಿನ ಆಯ್ಕೆಯಿಂದ, ನಿಲ್ಲುವ ಜಾಗದಿಂದ, ಉಚ್ಚಾರದಿಂದ ಪಳಗಿಸಬಹುದು. ಬಾದಾಮಿಯ ಗುಹೆಗಳಲ್ಲಿ ಎರಡೂ ಅಷ್ಟಾಗಿ ಕಾಡುವುದಿಲ್ಲ, ನೋಡಿ. ಅವೂ ಕಲ್ಲೇ, ಆದರೆ ಒಂದು ಮಗ್ಗುಲು ಪೂರಾ ಬಯಲಿಗೆ ತೆರೆದಿದೆ. ಮೂರನೆಯ ಗುಹೆಯ ಪಡಸಾಲೆಯಲ್ಲಿ ನಿಂತು ಮೆಲ್ಲಗೆ ಷಡ್ಜ, ಅಂದರೆ 'ಸ' ಸ್ವರ, ಹಿಡಿದಿದ್ದೇನೆ. ದನಿ ಕೆರೆಯ ಕಡೆಗೆ ಹೊರಟುಹೋಗುತ್ತದೆ.

ನಿಲ್ಲುವ ಜಾಗದ ಮಾತಿಗೆ ಬರುತ್ತೇನೆ, ಏಕೆಂದರೆ ತಂಡಗಳು ಹೆಚ್ಚು ಎಡವುವುದು ಇಲ್ಲೇ. ವೇದಿಕೆಯ ರೂಢಿಯಿಂದ ನಾವು ಉದ್ದ ಹಾಲ್‌ನ ಒಂದು ತುದಿಗೆ ಹೋಗಿ ನಿಲ್ಲುತ್ತೇವೆ. ಆಗ ಇನ್ನೊಂದು ತುದಿಯಲ್ಲಿ ಕೂತವರಿಗೆ ನಿಮ್ಮ ಬಾಯಿಂದ ನೇರ ಬಂದ ದನಿ ಎಳ್ಳಷ್ಟು, ಗೋಡೆಗಳು ಕಳಿಸಿದ್ದು ಬೆಟ್ಟದಷ್ಟು. ನಿಮ್ಮ ಹಾಲ್‌ನಲ್ಲಿ ನೇರ ದನಿಯೂ ಗೋಡೆಯ ದನಿಯೂ ಸಮತೂಕವಾಗುವುದು ಹಾಡುವವರಿಂದ ಎರಡು ಮೀಟರಿನೊಳಗೇ. ಅದರಾಚೆಗೆ ಗೋಡೆಯದೇ ಮೇಲುಗೈ. ಆದ್ದರಿಂದ ಉದ್ದ ಗೋಡೆಯ ನಟ್ಟನಡುವೆ ಬೆನ್ನು ಮಾಡಿ, ಅರ್ಧಚಂದ್ರಾಕಾರವಾಗಿ ಎರಡು ಸಾಲಿನಲ್ಲಿ ನಿಲ್ಲಿ. ಗೋಡೆಗೆ ಚಿತ್ರಗಳಿದ್ದರೆ ಎರಡು ಮೀಟರ್ ಮುಂದಕ್ಕೆ. ಕೇಳುವವರು ಮೂರು ಮಗ್ಗುಲಲ್ಲಿ, ನಾಲ್ಕು ಸಾಲಿಗೆ ಮೀರದಂತೆ, ಹತ್ತಿರ ಹತ್ತಿರ ಕೂಡಲಿ. ಮೂಲೆಗೆ ಮಾತ್ರ ಹೋಗಬೇಡಿ. ಮೂಲೆ ಗಂಡಸರ ಕೆಳದನಿಯನ್ನು ಹಿಗ್ಗಿಸಿ ಉಳಿದವರನ್ನು ಮುಚ್ಚಿಹಾಕುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಧೈರ್ಯ ನಿಮ್ಮ ಗುಂಪಿಗಿದ್ದರೆ, ಒಂದು ಹಾಡಿಗಾದರೂ ಸಾಲು ಬಿಟ್ಟು ಚದುರಿ ನಿಲ್ಲಿ. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 2001ರಲ್ಲಿ ಇಂಗ್ಲೆಂಡಿನಲ್ಲಿ ರಚನೆಯಾದ 40 ದನಿಗಳ ಹಳೆಯ ಲ್ಯಾಟಿನ್ ಪ್ರಾರ್ಥನಾಗೀತೆಯೊಂದನ್ನು ಒಬ್ಬೊಬ್ಬರ ದನಿ ಬೇರೆ ಬೇರೆಯಾಗಿ ಸಿಗುವಂತೆ ಮುದ್ರಿಸಿ, 40 ಸ್ಪೀಕರ್‌ಗಳನ್ನು ಸಂಗ್ರಹಾಲಯದ ಕೋಣೆಯಲ್ಲಿ ಸುತ್ತಲೂ ನಿಲ್ಲಿಸಿದರು. ನೋಡಲು ಬಂದವರು ನಡೆದಾಡುತ್ತಾರೆ. ನಡುವೆ ನಿಂತರೆ ಇಡೀ ಗಾಯನವೃಂದ, ಒಂದು ಸ್ಪೀಕರ್ ಹತ್ತಿರ ಹೋದರೆ ಒಬ್ಬನೇ ಮನುಷ್ಯನ ಉಸಿರು, ಕೆಮ್ಮು, ದನಿ. ಸಂಗ್ರಹಾಲಯಕ್ಕೂ ಸಭಾಭವನಕ್ಕೂ ಇರುವ ಭೇದ ಅಲ್ಲಿದೆ. ಸಭಾಭವನದಲ್ಲಿ ಕೇಳುವವರು ಕೂತಿರುತ್ತಾರೆ, ಸಂಗ್ರಹಾಲಯದಲ್ಲಿ ನಡೆಯುತ್ತಿರುತ್ತಾರೆ. ನಿಮ್ಮ 22 ಜನ ಜೋಡಿ ಜೋಡಿಯಾಗಿ ಶಿಲ್ಪಗಳ ನಡುವೆ ಹನ್ನೊಂದು ಕಡೆ ನಿಂತು ಒಂದು ತ್ರಿಪದಿ ಎತ್ತಿಕೊಂಡರೆ, ಜನರೇ ನಡೆದು ಬಂದು ಕೇಳುತ್ತಾರೆ. ಇದಕ್ಕೆ ಸ್ಪೀಕರ್ ಬೇಕಿಲ್ಲ, ಖರ್ಚಿಲ್ಲ. ಜೋಡಿಯಲ್ಲಿ ಒಬ್ಬರು ತಾಳದಲ್ಲಿ ಗಟ್ಟಿ ಇರಬೇಕು, ಅಷ್ಟೇ. ದೂರದ ಜೋಡಿ ಕಿವಿಯನ್ನು ನಂಬಿ ಹಾಡಿದರೆ ಹಿಂದೆ ಬೀಳುತ್ತದೆ, ನಿಮ್ಮ ಕೈಯನ್ನೇ ನೋಡುತ್ತಿರಲಿ.

ತ್ರಿಪದಿ ಎಂದದ್ದು ಸುಮ್ಮನೆ ಅಲ್ಲ. ನಿಮ್ಮ ಭಜನಾ ಮಂಡಳಿಯ ಹೆಣ್ಣುಮಕ್ಕಳಿಗೆ ಬೀಸುವ ಪದ, ಸೋಬಾನೆ ಪದ ಗೊತ್ತಿದ್ದೇ ಇರುತ್ತವೆ. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಊರೂರು ತಿರುಗಿ ಕೂಡಿಸಿದ ಪದಗಳು ನಿಮ್ಮ ಜಿಲ್ಲೆಯವೇ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲು ಮರಳಿ ಬರುತ್ತದೆ, ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಮೊದಲ ಸಲ ಕಲ್ಲಿನ ಗದ್ದಲದಲ್ಲಿ ತಪ್ಪಿದ ಮಾತು ಎರಡನೆಯ ಸಲ ಕಿವಿಗೆ ಸಿಗುತ್ತದೆ. ನಡೆಯೂ ನಿಧಾನ, ಬೀಸುಕಲ್ಲು ತಿರುಗುವಷ್ಟೇ. ಗೀಗೀ ಪದದ ಮುಮ್ಮೇಳ ಹಿಮ್ಮೇಳವೂ ಹೀಗೆಯೇ ನಡೆಯುತ್ತದೆ. ಆದರೆ ಅದರ ಡಪ್ಪು ಒಳಗೆ ಬೇಡ, ಒಂಟಿ ತಂತಿಯ ತುಂತುಣಿ ಮತ್ತು ತಾಳ ಸಾಕು. ಮುಂದಿನವರ ಸಾಲು ಮುಗಿದ ಕೂಡಲೇ ಹಿಂದಿನವರು ನುಗ್ಗದೆ ಒಂದು ಮಾತ್ರೆ ತಡೆದು ಎತ್ತಿಕೊಳ್ಳಲಿ.

ರಾಗದ ಆಯ್ಕೆ ನನಗೆ ಬಹಳ ಮುಖ್ಯ ಅನಿಸುತ್ತದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅನುರಣನದ ಕೋಣೆಯಲ್ಲಿ ನೀವು ಬಿಟ್ಟುಬಂದ ಸ್ವರ ಇನ್ನೂ ಗಾಳಿಯಲ್ಲಿ ನಿಂತಿರುತ್ತದೆ, ಹೊಸ ಸ್ವರ ಅದರ ಜೊತೆಗೇ ಕೇಳುತ್ತದೆ. ಷಡ್ಜಕ್ಕಿಂತ ಅರ್ಧ ಸ್ವರವಷ್ಟೇ ಮೇಲಿರುವ ಕೋಮಲ ರಿಷಭದಿಂದ ಷಡ್ಜಕ್ಕೆ ಇಳಿದರೆ ಎರಡೂ ಒಂದನ್ನೊಂದು ತಿಕ್ಕುತ್ತವೆ, ಶ್ರುತಿ ತಪ್ಪಿದಂತೆ ಕೇಳುತ್ತದೆ, ಹಾಡಿದವರು ಸರಿಯಾಗಿಯೇ ಹಾಡಿದ್ದರೂ. ಭೂಪಾಲಿ ರಾಗದಲ್ಲಿ ಹಾಗಾಗದು. ಸ, ರಿ, ಗ, ಪ, ಧ ಐದೇ ಸ್ವರ, ಎಲ್ಲಿಯೂ ಅರ್ಧ ಸ್ವರದ ಅಂತರವಿಲ್ಲ. ಐದೂ ಒಟ್ಟಿಗೆ ಉಳಿದುಕೊಂಡರೂ ಕಿವಿಗೆ ಹಿತವೇ. ದುರ್ಗಾ, ಮಾಲಕಂಸಕ್ಕೂ ಇದೇ ಗುಣ ಇದೆ. ತೋಡಿ, ಭೈರವದ ಪದಗಳನ್ನು ಈ ಸಲ ಬದಿಗಿಡಿ. ಭೈರವಿಯಲ್ಲಿ ಮುಗಿಸುವುದು ನಮ್ಮ ಕಡೆಯ ರೂಢಿ, ಅದನ್ನು ಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ಅದನ್ನು ಒಬ್ಬರೇ ಎತ್ತಿಕೊಂಡು ಬಹು ನಿಧಾನವಾಗಿ ಹಾಡಲಿ, ಗುಂಪು ಕೊನೆಯ ಸಾಲಿಗೆ ಮಾತ್ರ ಸೇರಲಿ.

ಉಚ್ಚಾರದಲ್ಲಿ ಸ್ವರ ಮೊಟಕು, ವ್ಯಂಜನ ಚುರುಕು. ಕನ್ನಡದ ಮಾತು ಬಹುತೇಕ ಸ್ವರದಲ್ಲೇ ಮುಗಿಯುವುದರಿಂದ ಹಾಡಲು ಸುಲಭ, ಆದರೆ ಒತ್ತಕ್ಷರಗಳು ಕಲ್ಲಿನ ಹಾಲ್‌ನಲ್ಲಿ ಮೊದಲು ಸಾಯುತ್ತವೆ. ವಚನ ಹಾಡುವಿರಾದರೆ ಕೊನೆಯ ಅಂಕಿತವನ್ನು ಗಮನಿಸಿ. 'ಕೂಡಲಸಂಗಮದೇವಾ' ಎಂದು ಮುಗಿಸುವಾಗ ಆ 'ಆ'ಕಾರವನ್ನು ನಾವು ಉಸಿರಿರುವಷ್ಟು ಎಳೆಯುತ್ತೇವೆ. ಇಲ್ಲಿ ಎಲ್ಲರೂ ಒಮ್ಮೆಗೇ, ಬೇಗ ಬಿಟ್ಟುಬಿಡಿ. ಉಳಿದದ್ದನ್ನು ಹಾಲ್ ಎಳೆಯುತ್ತದೆ. ಅದು ಪೂರಾ ಅಡಗುವವರೆಗೆ ಮುಂದಿನ ವಚನ ಎತ್ತಬೇಡಿ. ನಮ್ಮ ತಂಡಕ್ಕೆ ಆ ಮೌನ ಕಲಿಸಲು ಹಾಡು ಕಲಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಒಂದು ದನಿಯೋ ನಾಲ್ಕು ದನಿಯೋ ಎಂಬ ನಿಮ್ಮ ಗುಂಪಿನ ತಕರಾರಿಗೆ ಹಾಲ್ ಒಳ್ಳೆಯ ಪಂಚಾಯ್ತಿ ಮಾಡಬಲ್ಲದು. ಶ್ರುತಿಯನ್ನು ಹೆಣ್ಣುಮಕ್ಕಳಿಗೆ ಅನುಕೂಲವಾಗುವ, ಹಾರ್ಮೋನಿಯಂ ಮನೆಗಳ ಬಿಳಿ ಐದಕ್ಕೋ ಕಪ್ಪು ನಾಲ್ಕಕ್ಕೋ ಇಡಿ. ಅವರು ಧಾಟಿ ಹಾಡಲಿ. ಗಂಡುಹುಡುಗರು ಮಂದ್ರ ಪಂಚಮವನ್ನು (ಕೆಳಸ್ಥಾಯಿಯ 'ಪ'), ಹುಡುಗಿಯರು ಷಡ್ಜವನ್ನು ಬಾಯಿ ಅರೆ ಮುಚ್ಚಿದ 'ಉ'ಕಾರದಲ್ಲಿ ಸುಮ್ಮನೆ ಹಿಡಿದಿರಲಿ, ತಂಬೂರಿಯಂತೆ. ಚರ್ಚಿನಲ್ಲಿ ಪಳಗಿದವರಿಗೆ ದನಿ ಸಮ ಹಿಡಿಯುವುದು, ಒಬ್ಬರ ಉಸಿರು ಮುಗಿಯುವಾಗ ಇನ್ನೊಬ್ಬರು ತುಂಬುವುದು ಚೆನ್ನಾಗಿ ಬರುತ್ತದೆ. ಅದನ್ನು ಭಜನೆಯವರು ಅವರಿಂದ ಕಲಿಯಬೇಕು. ಹಾಗೆಯೇ ಹುಡುಗರ ಒಂದು ನಾಲ್ಕು ದನಿಯ ಗೀತೆಯೂ ಇರಲಿ, ಹೆಣ್ಣಿನ ಮೇಲು ಕೆಳದನಿಗಳಾದ ಸೊಪ್ರಾನೊ, ಆಲ್ಟೊ, ಗಂಡಿನ ಮೇಲು ಕೆಳದನಿಗಳಾದ ಟೆನರ್, ಬಾಸ್ ಎಲ್ಲ ಸೇರಿ. ಸ್ವರಮೇಳ, ಅಂದರೆ ಒಟ್ಟಿಗೆ ಕೇಳುವ ಸ್ವರಗಳ ಜೋಡಣೆ, ಬೇಗ ಬೇಗ ಬದಲಾಗದ ಗೀತೆ ಆರಿಸಿ. ಯುರೋಪಿನ ಕಲ್ಲಿನ ಚರ್ಚುಗಳಲ್ಲಿ ಬೆಳೆದ ಹಳೆಯ ಗಾಯನ ಅಷ್ಟು ನಿಧಾನವಾಗಿರುವುದಕ್ಕೆ ಕಲ್ಲೂ ಒಂದು ಕಾರಣ. ಕೀಬೋರ್ಡ್ ಬೇಡ, ತಬಲಾ ಬೇಕೇ ಬೇಕಾದರೆ ದಪ್ಪ ಮಡಿಕೆ ಬಟ್ಟೆಯ ಮೇಲಿಟ್ಟು ಎಡಗೈ ಹಗುರವಾಗಿ.

ಇನ್ನು ವಸ್ತುಗಳ ಮಾತು. ಮನುಷ್ಯನ ದನಿಯಿಂದ ಶಿಲ್ಪಕ್ಕೂ ಚಿತ್ರಕ್ಕೂ ಏನೂ ಆಗದು. ಗಾಜಿನ ಪೆಟ್ಟಿಗೆ ಗಲಗಲ ಅನ್ನುವುದು ಡೊಳ್ಳು ಮತ್ತು ದೊಡ್ಡ ಸ್ಪೀಕರಿನ ಕೆಳದನಿಗೆ. ನಿಜವಾದ ತೊಂದರೆ ನಮ್ಮ ಮೈಯದು. ಒಬ್ಬ ಮನುಷ್ಯ ಸುಮ್ಮನೆ ನಿಂತರೂ ಒಂದು ಹಳೆಯ 100 ವಾಟ್ ಬಲ್ಬಿನಷ್ಟು ಶಾಖ ಬಿಡುತ್ತಾನೆ, ಉಸಿರು ಬೆವರಿನಲ್ಲಿ ಗಂಟೆಗೆ ಸುಮಾರು 50 ಗ್ರಾಂ ನೀರು. ನೂರು ಜನ ಒಂದು ಗಂಟೆ ಇದ್ದರೆ ಐದು ಲೀಟರ್ ನೀರು ಆ ಗಾಳಿಗೆ ಸೇರುತ್ತದೆ. ಕಾಗದ, ಮರ, ಬಣ್ಣದ ಪದರ ಹೀರಿ ಹಿಗ್ಗುತ್ತವೆ, ಜನ ಹೋದ ಮೇಲೆ ಒಣಗಿ ಕುಗ್ಗುತ್ತವೆ. ಈ ಏರಿಳಿತವೇ ಅವಕ್ಕೆ ಶತ್ರು. ಹಾಗಾಗಿ ಕಾರ್ಯಕ್ರಮ 40 ನಿಮಿಷಕ್ಕೆ ಮೀರದಿರಲಿ, ಕಾಗದದ ಮೇಲಿನ ಚಿತ್ರಗಳೂ ಹಸ್ತಪ್ರತಿಗಳೂ ಇರುವ ಕಡೆ ಜನ ಗುಂಪಾಗದಿರಲಿ. ಅಂಥವಕ್ಕೆ 50 ಲಕ್ಸ್ (ಬೆಳಕಿನ ಅಳತೆ), ಅಂದರೆ ಬಲು ಮಂದ ಬೆಳಕೇ ಮಿತಿ ಎಂದು ಪಾಲಿಸುತ್ತಾರೆ, ವಿಡಿಯೋದವರ ಲೈಟು ಒಳಗೆ ಬೇಡವೇ ಬೇಡ. ದೀಪ ಬೆಳಗಿಸುವುದು, ಹಾರ, ಶಾಲು, ಭಾಷಣ ಎಲ್ಲ ಹೊರಗಿನ ಅಂಗಳದಲ್ಲಿ ಮುಗಿಸಿ ಒಳಗೆ ಹಾಡಿಗೆ ಮಾತ್ರ ಬನ್ನಿ. ಹಾಡುತ್ತಾ ಹಾಡುತ್ತಾ ಹಿಂದಿನ ಸಾಲಿನವರು ತಮಗರಿವಿಲ್ಲದೆ ಹಿಂದಕ್ಕೆ ಸರಿಯುತ್ತಾರೆ, ಬೆನ್ನಹಿಂದಿನ ಶಿಲ್ಪಕ್ಕೆ ತಾಗುತ್ತಾರೆ. ನೆಲಕ್ಕೆ ಒಂದು ಪಟ್ಟಿ ಅಂಟಿಸಿ, ಹಿಮ್ಮಡಿ ಅದನ್ನು ದಾಟಬಾರದು ಎಂದು ಅಭ್ಯಾಸದಲ್ಲೇ ಹೇಳಿ.

ಆ ಕಟ್ಟಡ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕವಾಗಿದ್ದರೆ, 1959ರ ನಿಯಮಗಳ ಪ್ರಕಾರ ಒಳಗೆ ಸಭೆ, ಕಾರ್ಯಕ್ರಮ ನಡೆಸಲು ಲಿಖಿತ ಅನುಮತಿ ಬೇಕು. ಕರೆದವರು ಅದನ್ನು ಪಡೆದಿದ್ದಾರೆಯೇ ಎಂದು ಈಗಲೇ ಕೇಳಿಬಿಡಿ.

ಸಂಗ್ರಹಾಲಯದಲ್ಲಿ ಭಜನೆ ಸಲ್ಲುತ್ತದೆಯೇ ಎಂದು ನಿಮ್ಮ ಹೆಣ್ಣುಮಕ್ಕಳು ಯಾರಾದರೂ ಹಿಂಜರಿದರೆ ಅವರನ್ನು ಒಮ್ಮೆ ಗೋಳಗುಮ್ಮಟದ ಮುಂದಿನ ಸಂಗ್ರಹಾಲಯಕ್ಕೆ ಕರೆದೊಯ್ಯಿರಿ. 1892ರಲ್ಲಿ ಆರಂಭವಾದ ಅದು ಇರುವುದೇ ನಗಾರಖಾನೆಯಲ್ಲಿ, ಅಂದರೆ ವಾದ್ಯ ನುಡಿಸುವವರಿಗೆಂದು ಕಟ್ಟಿದ ಮನೆಯಲ್ಲಿ. ಆ ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹನ ತಂದೆ ಎರಡನೆಯ ಇಬ್ರಾಹಿಂ ಸ್ವತಃ ಪದ ಕಟ್ಟಿ ಹಾಡಿದವನು, ಸರಸ್ವತಿಯನ್ನೂ ಗಣಪತಿಯನ್ನೂ ಕಲಬುರಗಿಯ ಸೂಫಿ ಸಂತ ಬಂದೇನವಾಜರನ್ನೂ ನೆನೆದವನು, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟವನು.

ಆ ಸಂಗ್ರಹಾಲಯದ ಒಳಗೆ ವೀರಗಲ್ಲುಗಳಿವೆ. ನಿಮ್ಮ ಹಾಲ್‌ನಲ್ಲೂ ಒಂದಿದ್ದರೆ ಒಂದು ಹಾಡನ್ನು ಅದರ ಮುಂದೆಯೇ ಹಾಡಿ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಸನ್ನಿಧಿ. ಸತ್ತವನಿಗಾಗಿ ಹಾಡುವ ಪದ ನಿಮ್ಮವರಿಗೆ ಗೊತ್ತಿದ್ದರೆ ಮೂರು ನುಡಿ ಆರಿಸಿ. ಮೊದಲ ನುಡಿಯನ್ನು ನಾಲ್ವರು ಎತ್ತಲಿ, ಎರಡನೆಯದಕ್ಕೆ ಹೆಣ್ಣುಮಕ್ಕಳೆಲ್ಲ ಸೇರಲಿ, ಮೂರನೆಯದಕ್ಕೆ ಹುಡುಗರ ಮಂದ್ರ ಪಂಚಮ ಬರಲಿ. ಕೇಳುವವರ ಕಣ್ಣು ತಾನಾಗಿಯೇ ಕಲ್ಲಿನ ಮೇಲೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ.